ಏರುಹಾದಿಯ ಒಂದು ಹಗಲು

ಬೆಂಗಳೂರಿನಿಂದ ಹೊನ್ನಾವರದ ಕಡಲತೀರಕ್ಕೆ ಸೈಕಲ್ಲಿನಲ್ಲಿ ಹೊರಟವರಿಗೆ ತುಮಕೂರು, ತಿಪಟೂರು, ಅರಸೀಕೆರೆ, ಬಾಣಾವರ ದಾಟುವವರೆಗೆ ಬೆಟ್ಟದ ಚಿಂತೆ ಇರುವುದಿಲ್ಲ. ರಸ್ತೆಯ ಎರಡೂ ಬದಿಗೆ ತೆಂಗಿನ ತೋಟ, ರಾಗಿ ಹೊಲ, ನಡುನಡುವೆ ಮಳೆಗಾಗಿ ಕಾದಿರುವ ಕೆರೆ. ನೆಲ ಅಲ್ಲಲ್ಲಿ ಏಳುತ್ತದೆ, ಇಳಿಯುತ್ತದೆ, ಅಷ್ಟೇ. ಕಡೂರು ಬಂದಾಗ ನೋಟ ಬದಲಾಗುತ್ತದೆ. ಪಶ್ಚಿಮದ ದಿಗಂತದಲ್ಲಿ ಈ ತುದಿಯಿಂದ ಆ ತುದಿಯವರೆಗೆ ನೀಲಿ ಬೆಟ್ಟಗಳ ಸಾಲು. ಇವತ್ತಿನವರೆಗೆ ತುಳಿದದ್ದು ಒಂದು ಲೆಕ್ಕ, ನಾಳೆ ತುಳಿಯಬೇಕಾದದ್ದು ಬೇರೆಯೇ ಲೆಕ್ಕ ಎಂಬುದು ಸವಾರನಿಗೆ ಅಲ್ಲೇ ಗೊತ್ತಾಗುತ್ತದೆ.

ಅದು ಬಾಬಾಬುಡನ್‌ಗಿರಿ ಸಾಲು. ಕರ್ನಾಟಕದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿ ಇರುವುದೂ ಆ ಸಾಲಿನಲ್ಲೇ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಭಾರವನ್ನೆಲ್ಲ ಬೆಟ್ಟದ ಆಚೆ ಮಗ್ಗುಲಿಗೇ ಇಳಿಸಿಬಿಡುತ್ತವೆ. ಈಚೆಗೆ ಉಳಿಯುವುದು ಗಾಳಿ ಮತ್ತು ಒಂದಿಷ್ಟು ತುಂತುರು. ಹಾಗಾಗಿ ಕಡೂರು ಮಳೆನೆರಳಿನ ಊರು; ಬರಪೀಡಿತ ತಾಲೂಕುಗಳ ಪಟ್ಟಿ ಹೊರಬಿದ್ದಾಗಲೆಲ್ಲ ಕೇಳಿಬರುವ ಹೆಸರು. ಆದರೂ ಈ ಬಯಲಿನ ಜೀವ ಇರುವುದು ಆ ಬೆಟ್ಟಗಳಲ್ಲೇ. ಸಾಲಿನ ಪೂರ್ವದ ಮಗ್ಗುಲಲ್ಲಿ ಹುಟ್ಟುವ ವೇದಾ ಹೊಳೆ ಅಯ್ಯನಕೆರೆಯನ್ನು ತುಂಬಿಸುತ್ತದೆ, ಅವತಿ ಹೊಳೆ ಮದಗದಕೆರೆಯನ್ನು ತುಂಬಿಸುತ್ತದೆ. ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರದತ್ತ ಹರಿಯುತ್ತವೆ. ಮದಗದಕೆರೆ ತುಂಬಿದ ಸಂಭ್ರಮವನ್ನು ಜನಪದ ಹಾಡಿನಲ್ಲಿ ಕೇಳದ ಕನ್ನಡಿಗರು ಕಡಿಮೆ.

1947ರವರೆಗೆ ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಬೆಟ್ಟ, ಬಯಲು ಎರಡನ್ನೂ ಒಂದೇ ಹೆಸರಿನಲ್ಲಿ ಹಿಡಿದಿಟ್ಟಿದ್ದ ಆ ಹಳೆಯ ಜಿಲ್ಲೆಯ ಮೂರು ಬಗೆಯ ನೆಲವನ್ನು, ಅಂದರೆ ಕಡೂರಿನ ಒಣ ಕೆಂಪುನೆಲ, ತರೀಕೆರೆಯ ತಂಪುನೆಲ, ಅಜ್ಜಂಪುರದ ಎರೆನೆಲವನ್ನು, ಒಂದೇ ಹಗಲಿನಲ್ಲಿ ಸೈಕಲ್ಲಿನ ಮೇಲೆ ಕೂತು ನೋಡಬಹುದು. ಹಗಲು ಉದ್ದವಾದದ್ದು, ಏರು ಕಠಿಣವಾದದ್ದು. ಅದಕ್ಕೆ ತೊಡೆಯ ಬಲವೊಂದೇ ಸಾಲದು. ಬಲವನ್ನು ಹಂಚಿಕೊಳ್ಳುವ ಜಾಣತನ ಬೇಕು.

ದಾರಿ ಹೀಗಿದೆ. ಕಡೂರಿನಿಂದ ಬೀರೂರು. ಅಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿದರೆ ಲಿಂಗದಹಳ್ಳಿ; ಮುಂದೆ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ. ಹತ್ತಿದ ದಾರಿಯಲ್ಲೇ ಲಿಂಗದಹಳ್ಳಿಗೆ ಇಳಿದು ಉತ್ತರಕ್ಕೆ ಹೋದರೆ ತರೀಕೆರೆ. ಊಟದ ಮೇಲೆ ಅಮೃತಾಪುರವನ್ನು ನೋಡಿಕೊಂಡು ಅಜ್ಜಂಪುರ. ಸಂಜೆಗೆ ದಕ್ಷಿಣಕ್ಕೆ ತಿರುಗಿ ಬೀರೂರು, ಮತ್ತೆ ಕಡೂರು. ಒಟ್ಟು ನೂರು ಕಿಲೋಮೀಟರನ್ನು ದಾಟುವ ಸುತ್ತು. ಬೆಳಗ್ಗೆ ಪಶ್ಚಿಮಕ್ಕೆ ಮುಖ, ಮಧ್ಯಾಹ್ನದ ಮೇಲೆ ಪೂರ್ವಕ್ಕೆ ಮುಖ ಆಗುವುದರಿಂದ ಬಹುಪಾಲು ಹೊತ್ತು ಬಿಸಿಲು ಕಣ್ಣಿಗೆ ಬೀಳದೆ ಬೆನ್ನಿಗೆ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಲಿನಲ್ಲಿ ಹೊಸ ಕಸುವು ಇರುವಾಗಲೇ ಬೆಟ್ಟ ಮುಗಿಯುತ್ತದೆ. ಇದೇ ಸುತ್ತನ್ನು ಅಜ್ಜಂಪುರದ ಕಡೆಯಿಂದ ಶುರುಮಾಡಿದರೆ ಮಧ್ಯಾಹ್ನದ ಉರಿಯಲ್ಲಿ, ದಣಿದ ಮಂಡಿಯಲ್ಲಿ ಘಾಟಿ ಹತ್ತಬೇಕಾಗುತ್ತದೆ.

ಬೀರೂರಿನವರೆಗೆ ಏನೂ ಕಷ್ಟವಿಲ್ಲ. ದಸರೆಯ ಹೊತ್ತಿಗೆ ಮೈಲಾರಲಿಂಗನ ಕಾರ್ಣಿಕಕ್ಕೆ ಜನ ಸೇರುವ ಊರು ಅದು. ರೈಲಿನವರಿಗೆ ಜಂಕ್ಷನ್ ಎಂದು ಪರಿಚಿತ. ಬೆಂಗಳೂರಿನಿಂದ ಹರಿಹರಕ್ಕೆ ರೈಲು ಹಳಿ ಬಂದದ್ದು 1889ರಲ್ಲಿ. ಹತ್ತು ವರ್ಷದ ನಂತರ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಹಳಿ ಬಿತ್ತು. ಕಡೂರು, ಬೀರೂರು, ಅಜ್ಜಂಪುರ ಒಂದು ಹಳಿಯ ಮೇಲಿವೆ, ತರೀಕೆರೆ ಕವಲಿನ ಮೇಲಿದೆ. ಸವಾರನಿಗೆ ಇದು ದೊಡ್ಡ ಧೈರ್ಯ. ಸೈಕಲ್ ಕೈಕೊಟ್ಟರೂ ಕಾಲು ಕೈಕೊಟ್ಟರೂ ಹತ್ತಿರದಲ್ಲೆಲ್ಲೋ ಒಂದು ರೈಲ್ವೆ ಸ್ಟೇಷನ್ ಇದ್ದೇ ಇರುತ್ತದೆ.

ಹೆದ್ದಾರಿಯ ಲಾರಿಗಳ ಸದ್ದು ಹಿಂದೆ ಉಳಿದು ಲಿಂಗದಹಳ್ಳಿಯ ದಾರಿ ಹಿಡಿದಾಗ ಬೆಟ್ಟ ಎದುರಿಗೇ ನಿಂತಿರುತ್ತದೆ. ತುಳಿದಷ್ಟೂ ಅದು ಎತ್ತರವಾಗುತ್ತ ಹೋಗುತ್ತದೆ. ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ತರೀಕೆರೆ ಸುತ್ತಿನ ಬಯಲು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಕೆಮ್ಮಣ್ಣುಗುಂಡಿ 1,434 ಮೀಟರ್. ನಡುವಿನ ಅಂತರ ಏಳುನೂರು ಮೀಟರಿಗೂ ಹೆಚ್ಚು. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನನ್ನು ಒಂದರ ತಲೆಯ ಮೇಲೊಂದರಂತೆ ನಲವತ್ತು ಸಲ ನಿಲ್ಲಿಸಿದರೆ ಎಷ್ಟಾಗುವುದೋ ಅಷ್ಟು ಎತ್ತರ. ಸವಾರ, ಸೈಕಲ್, ಗಂಟುಮೂಟೆ ಸೇರಿ 90 ಕಿಲೋ ಅಂದುಕೊಳ್ಳೋಣ. ಅಷ್ಟು ಭಾರವನ್ನು 700 ಮೀಟರ್ ಎತ್ತುವುದಕ್ಕೆ ಬೇಕಾದ ಶಕ್ತಿ 617 ಕಿಲೋಜೂಲ್, ಅಂದರೆ 150 ಕಿಲೋ ಕ್ಯಾಲರಿಯ ಆಸುಪಾಸು. ಇಷ್ಟೇನಾ ಅನ್ನಿಸಬಹುದು. ಆದರೆ ಮನುಷ್ಯನ ಸ್ನಾಯುಗಳು ತಿಂದದ್ದರಲ್ಲಿ ನಾಲ್ಕನೇ ಒಂದು ಪಾಲನ್ನು ಮಾತ್ರ ದುಡಿಮೆಯಾಗಿ ಕೊಡುತ್ತವೆ. ಉಳಿದದ್ದು ಶಾಖವಾಗಿ, ಬೆವರಾಗಿ ಹೋಗುತ್ತದೆ. ಹಾಗಾಗಿ ಈ ಒಂದು ಏರಿಗೇ 600 ಕಿಲೋ ಕ್ಯಾಲರಿ ಬೇಕು. ಒಂದು ಹೊತ್ತಿನ ಹೊಟ್ಟೆತುಂಬ ಊಟ ಈ ಬೆಟ್ಟಕ್ಕೇ ಮೀಸಲು.

ಹೊತ್ತಿನ ಲೆಕ್ಕವೂ ಹೀಗೇ ಸಿಗುತ್ತದೆ. ಆರೋಗ್ಯವಂತ ಮನುಷ್ಯ ಗಂಟೆಗಟ್ಟಲೆ ನಿಲ್ಲದೆ ಕೊಡಬಲ್ಲದ್ದು ನೂರು, ನೂರೈವತ್ತು ವಾಟ್. ಅದರಲ್ಲಿ ನೂರು ವಾಟ್ ಎತ್ತರಕ್ಕೇ ಹೋದರೂ ಏರು ಮುಗಿಯಲು ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ. ಟಯರಿನ ಉಜ್ಜಾಟ, ನೀರಿಗೆ ನಿಂತದ್ದು, ತಿರುವಿನಲ್ಲಿ ಬಸ್ಸಿಗೆ ದಾರಿ ಬಿಟ್ಟದ್ದು ಸೇರಿದರೆ ಎರಡು ಗಂಟೆ ದಾಟುತ್ತದೆ. ಇದನ್ನು ಒಂದು ಗಂಟೆಯಲ್ಲಿ ಮುಗಿಸುತ್ತೇನೆ ಎಂದು ಮೊದಲ ತಿರುವಿನಲ್ಲೇ ಎದ್ದುನಿಂತು ತುಳಿದವನಿಗೆ ಅರ್ಧದಾರಿಯಲ್ಲೇ ಸೈಕಲ್ ತಳ್ಳುವ ಪಾಳಿ ಬರುತ್ತದೆ.

ಗಿಯರ್ ಎಂಬ ಸಾಧನ ಬಂದದ್ದು ಇಂಥ ಕಡೆಗಾಗಿಯೇ. ನಮ್ಮ ಹಳ್ಳಿಗಳಲ್ಲಿ ಓಡಾಡುವ ಕಪ್ಪು ಸೈಕಲ್ಲಿನ ಮುಂದಿನ ಚೈನ್‌ವೀಲಿಗೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ಬಂದಾಗ 28 ಇಂಚಿನ ಆ ಗಾಲಿ ಐದು ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ಸಮತಟ್ಟಾದ ನೆಲಕ್ಕೆ ಅದು ಚೆನ್ನ. ಏರಿನಲ್ಲಿ ಅದೇ ಐದು ಮೀಟರು ಮಂಡಿಯನ್ನು ಹಿಂಡುತ್ತದೆ. ದೂರದ ಪಯಣದ ಸೈಕಲ್ಲುಗಳಲ್ಲಿ ಅತಿ ಹಗುರದ ಗಿಯರಿಗೆ ಮುಂದೆಯೂ 34, ಹಿಂದೆಯೂ 34 ಹಲ್ಲು ಇರುವುದುಂಟು. ಆಗ ಒಂದು ಸುತ್ತಿಗೆ ಸಾಗುವುದು ಎರಡು ಮೀಟರಿಗೆ ಸ್ವಲ್ಪ ಹೆಚ್ಚು. ಹೆಚ್ಚು ಸಲ ತುಳಿಯಬೇಕು, ಆದರೆ ಪ್ರತಿ ತುಳಿತವೂ ಹಗುರ. ಈ ತಿಳಿವಳಿಕೆ ಸುಲಭವಾಗಿ ಒಪ್ಪಿಗೆಯಾದದ್ದಲ್ಲ. ಫ್ರಾನ್ಸಿನ ಪ್ರಸಿದ್ಧ ಟೂರ್ ದ ಫ್ರಾನ್ಸ್ ಪಂದ್ಯ ಶುರುವಾದದ್ದು 1903ರಲ್ಲಿ. ಪಿರೆನೀಸ್ ಪರ್ವತಗಳ ದೊಡ್ಡ ಕಣಿವೆದಾರಿಗಳನ್ನು ಅದಕ್ಕೆ ಸೇರಿಸಿದ್ದು 1910ರಲ್ಲಿ. ಆದರೆ ಓಡುತ್ತಿರುವಾಗಲೇ ಚೈನನ್ನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ದಾಟಿಸುವ ಗಿಯರಿಗೆ ಪಂದ್ಯದಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ ಮಾತ್ರ. ಅಲ್ಲಿಯವರೆಗೆ ಆ ಘಟಾನುಘಟಿ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿಯನ್ನು ಬಿಚ್ಚಿ, ತಿರುಗಿಸಿ ಹಾಕಿಕೊಂಡು ಮುಂದೆ ಹೋಗುತ್ತಿದ್ದರು. ಇದೇ ದೇಶದ ಪಾಲ್ ದ ವಿವಿ ಎಂಬಾತ ವೆಲೊಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತ, ಬೆಟ್ಟಕ್ಕೆ ಗಿಯರ್ ಬೇಕೇ ಬೇಕು ಎಂದು ಜೀವಮಾನವಿಡೀ ವಾದಿಸಿದ. ಕೆಮ್ಮಣ್ಣುಗುಂಡಿಯ ದಾರಿಯಲ್ಲಿ ಮಂಡಿ ಉಳಿಸಿಕೊಂಡವರೆಲ್ಲ ಆ ಮನುಷ್ಯನಿಗೆ ಋಣಿಗಳು.

ಲಿಂಗದಹಳ್ಳಿ ದಾಟಿದ ಮೇಲೆ ಅಡಿಕೆ ತೋಟಗಳು, ಮೇಲಕ್ಕೆ ಹೋದಂತೆ ಕಾಫಿ. ಭಾರತದಲ್ಲಿ ಕಾಫಿಯ ಕಥೆ ಶುರುವಾಗುವುದೇ ಬಾಬಾಬುಡನ್ ತಂದರೆಂಬ ಏಳು ಬೀಜಗಳಿಂದ, ಇದೇ ಗಿರಿಸಾಲಿನಲ್ಲಿ. ನೆರಳಿನ ಮರಗಳು ರಸ್ತೆಯ ಮೇಲೆ ಬಾಗಿರುವುದರಿಂದ ಬಿಸಿಲು ತಟ್ಟುವುದಿಲ್ಲ. ತಾಸಿಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ಸಾಗುವವನಿಗೆ ಕಾರಿನವನಿಗೆ ಕಾಣದ್ದು ಕಾಣುತ್ತದೆ, ಕೇಳದ್ದು ಕೇಳುತ್ತದೆ. ಬಯಲಿನ ಕಾವು ಕಳೆದು ಮಣ್ಣಿನ ತೇವದ ವಾಸನೆ ಮೂಗಿಗೆ ತಾಕುವ ತಿರುವು ಯಾವುದು ಎಂದು ಆತ ಬೆರಳು ಮಾಡಿ ತೋರಿಸಬಲ್ಲ. ಮೋರಿಯ ಕೆಳಗೆ ನೀರಿದೆಯೇ ಇಲ್ಲವೇ ಎಂಬುದು ಸದ್ದಿನಿಂದಲೇ ತಿಳಿಯುತ್ತದೆ. ಮಲೆನಾಡಿನ ಸೆರಗು ಎಲ್ಲಿ ಶುರುವಾಗುತ್ತದೆ ಎಂದು ಭೂಪಟ ಹೇಳುವುದಿಲ್ಲ, ಚರ್ಮ ಹೇಳುತ್ತದೆ.

ದಾರಿಯ ಯಾವ ಚಾದಂಗಡಿಯ ಮುಂದೆ ಸೈಕಲ್ ನಿಂತರೂ ಮಾತು ಹೀಗೇ ಶುರುವಾಗುತ್ತದೆ.

“ಎಲ್ಲಿಂದ ಬಂದ್ರಿ?”

“ಕಡೂರಿಂದ ಅಕ್ಕ. ಮೇಲಕ್ಕೆ ಹೋಗ್ಬೇಕು.”

“ಸೈಕಲ್ಲಲ್ಲಾ? ಇನ್ನೂ ತಿರುವು ಬಾಳ ಅದಾವೆ. ಕೂತ್ಕಳಿ, ಮೊದ್ಲು ನೀರು ಕುಡೀರಿ.”

ಊರಿನವರ ಇಂಥ ಮಾತಿಗೆ ಕಿವಿಗೊಡುವುದು ಲಾಭ. ನೀರು ಎಲ್ಲಿ ಸಿಗುತ್ತದೆ, ಎಲ್ಲಿ ಡಾಂಬರು ಕಿತ್ತಿದೆ, ನಿನ್ನೆ ಯಾವ ತಿರುವಿನಲ್ಲಿ ಕಾಟಿ ಅಡ್ಡ ನಿಂತಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ. ಫೋನಿನ ಭೂಪಟಕ್ಕೆ ಗೊತ್ತಿರುವುದಿಲ್ಲ.

ಕಲ್ಲತ್ತಿಗಿರಿಯಲ್ಲಿ ನಿಲ್ಲಲೇಬೇಕು. ಬಂಡೆಯ ಮೇಲಿಂದ ನೀರು ಸುರಿಯುವಲ್ಲೇ ವೀರಭದ್ರನ ಗುಡಿ. ಭಕ್ತರು ನೀರಿನ ಕೆಳಗೆ ತಲೆಯೊಡ್ಡಿ, ಒದ್ದೆ ಬಟ್ಟೆಯಲ್ಲೇ ಕೈಮುಗಿಯುತ್ತಾರೆ. ಸವಾರರು ಬಾಟಲಿ ತುಂಬಿಸಿಕೊಳ್ಳುವ ಜಾಗವೂ ಇದೇ, ಯಾಕೆಂದರೆ ನಿಜವಾದ ಏರು ಇನ್ನು ಮುಂದೆ. ಹೊಟ್ಟೆಗೆ ಏನಾದರೂ ಹಾಕಿಕೊಳ್ಳಬೇಕಾದದ್ದೂ ಇಲ್ಲೇ. ಹಸಿವಾದ ಮೇಲೆ ತಿನ್ನುವುದು ಬೆಟ್ಟದಲ್ಲಿ ತಡವಾದಂತೆ. ದೇಹದಲ್ಲಿ ಕೂಡಿಟ್ಟ ಪಿಷ್ಟದ ದಾಸ್ತಾನು ಒಂದೆರಡು ಗಂಟೆಯ ಗಟ್ಟಿ ದುಡಿಮೆಗೆ ಕರಗುತ್ತ ಬರುತ್ತದೆ. ಅದು ಮುಗಿದ ಗಳಿಗೆ ಕಣ್ಣು ಮಂಜಾಗಿ, ಕೈ ನಡುಗಿ, ಸಣ್ಣ ದಿಣ್ಣೆಯೂ ಹತ್ತಲಾಗದಂತೆ ಆಗುತ್ತದೆ. ಇದಕ್ಕೆ ದುಬಾರಿ ಪೊಟ್ಟಣಗಳೇನೂ ಬೇಕಿಲ್ಲ. ಬೆಳಗ್ಗೆ ಕಡೂರಿನ ಹೋಟೆಲಿನಲ್ಲಿ ನಾಲ್ಕು ಇಡ್ಲಿ, ಜೇಬಿನಲ್ಲಿ ಎರಡು ಬಾಳೆಹಣ್ಣು, ಬೆಲ್ಲದ ಕಡಲೆಮಿಠಾಯಿ. ನೀರಿಗೆ ಚಿಟಿಕೆ ಉಪ್ಪು, ಒಂದು ನಿಂಬೆಹಣ್ಣು. ಬೆವರಿನ ಜೊತೆ ಹೋಗುವ ಉಪ್ಪನ್ನು ಬರೀ ನೀರು ಮರಳಿಸುವುದಿಲ್ಲ. ಕೆಳಗಿಳಿದ ಮೇಲೆ ಎಳನೀರು, ಮಜ್ಜಿಗೆ ಹೇಗೂ ಇವೆ.

ಕಲ್ಲತ್ತಿಗಿರಿಯಿಂದ ಮೇಲೆ ರಸ್ತೆ ಕಿರಿದಾಗುತ್ತದೆ, ತಿರುವು ಒತ್ತೊತ್ತಾಗುತ್ತವೆ. ಅನುಭವಿಗಳು ತಿರುವಿನ ಒಳಮಗ್ಗುಲು ಹಿಡಿಯುವುದಿಲ್ಲ. ಅಲ್ಲಿ ಏರು ಕಡಿದಾಗಿರುತ್ತದೆ. ಹೊರಮಗ್ಗುಲಿನಲ್ಲಿ ದೂರ ಸ್ವಲ್ಪ ಹೆಚ್ಚಾದರೂ ಏರು ಸೌಮ್ಯ. ಎಡಬದಿಯ ಶಿಸ್ತು ಬಿಡದೆ, ಎದುರು ಬರುವ ವಾಹನ ಕಾಣುವಷ್ಟು ಬಯಲಿದ್ದಾಗ ಮಾತ್ರ ಈ ಉಪಾಯ. ಉಸಿರಿಗೂ ಕಾಲಿಗೂ ಒಂದು ತಾಳ ಕೂಡಿದ ಮೇಲೆ ಅದನ್ನು ಕೆಡಿಸದೆ ಹೋಗುವುದೇ ಏರಿನ ವಿದ್ಯೆ. ಜೊತೆಯವನು ಮುಂದೆ ಹೋದರೆ ಹೋಗಲಿ. ಬೆಟ್ಟದಲ್ಲಿ ಪ್ರತಿಯೊಬ್ಬರಿಗೂ ಅವರವರದೇ ನಡೆ.

ತುದಿಯಲ್ಲಿ ಕೆಮ್ಮಣ್ಣುಗುಂಡಿ, ಕೃಷ್ಣರಾಜೇಂದ್ರ ಗಿರಿಧಾಮ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದು ತಂಗುತ್ತಿದ್ದ ತಾಣ. ಈಗ ತೋಟಗಾರಿಕೆ ಇಲಾಖೆಯ ಹೂದೋಟಗಳಿಗೆ ಹೆಸರಾಗಿದೆ. ಈ ಬೆಟ್ಟದ ಕಬ್ಬಿಣದ ಅದಿರೇ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಶ್ರಮದಿಂದ 1923ರಲ್ಲಿ ಕೆಲಸ ಶುರುಮಾಡಿದ ಆ ಕಾರ್ಖಾನೆಗಾಗಿ ಬೆಟ್ಟದಿಂದ ಅದಿರು ಹಗ್ಗದಾರಿಯಲ್ಲಿ ತೂಗಿಕೊಂಡು ಇಳಿಯುತ್ತಿತ್ತು. ಸೈಕಲ್ಲಿನಲ್ಲಿ ಬಂದವರಿಗೆ ಇಲ್ಲಿಯ ನೋಟದ ರುಚಿಯೇ ಬೇರೆ. ಕೆಳಗೆ ಪೂರ್ವಕ್ಕೆ ಮಂಜು ಸರಿದಾಗ ಕಾಣುವ ಕಂದು ಬಯಲು ಬೆಳಗ್ಗೆ ತಾವೇ ತುಳಿದು ಬಂದ ಬಯಲು.

ಇಳಿಯುವುದು ಹತ್ತುವುದಕ್ಕಿಂತ ಅಪಾಯ. ಹತ್ತುವಾಗ ಕೂಡಿಟ್ಟ ಆ 617 ಕಿಲೋಜೂಲ್ ಈಗ ಎಲ್ಲಿಗಾದರೂ ಹೋಗಬೇಕಲ್ಲ, ಅದು ಬಹುಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ. ಬ್ರೇಕ್ ಒತ್ತಿಹಿಡಿದೇ ಇಳಿದರೆ ರಿಮ್ಮು ಮುಟ್ಟಲಾಗದಷ್ಟು ಕಾಯುತ್ತದೆ. ಟ್ಯೂಬು ಸಿಡಿಯುವುದೂ ಉಂಟು. ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಬೇಕು, ತಿರುವಿನಲ್ಲಿ ಬಿಡಬೇಕು, ಮತ್ತೆ ಹಿಡಿಯಬೇಕು. ಸರಳಿನ ಬ್ರೇಕಿರುವ ಹಳೆಯ ಸೈಕಲ್ಲುಗಳ ಹೊಳೆಯುವ ಉಕ್ಕಿನ ರಿಮ್ಮು ನೆನೆದರೆ ಬ್ರೇಕು ಹಿಡಿಯುವುದೇ ಕಷ್ಟ. ಮಳೆಗಾಲದಲ್ಲಿ ಈ ಘಾಟಿಗೆ ಅಂಥ ಸೈಕಲ್ ತರಲೇಬಾರದು. ಬೆವರಿದ ಮೈಗೆ ಇಳಿಜಾರಿನ ಗಾಳಿ ಬಡಿದು ಬೆರಳು ಮರಗಟ್ಟುತ್ತವೆ. ಎದೆಗೆ ಒಂದು ಹಳೆಯ ವಾರ್ತಾಪತ್ರಿಕೆ ಒತ್ತಿಟ್ಟುಕೊಂಡು ಅಂಗಿಯ ಗುಂಡಿ ಹಾಕಿಕೊಂಡರೂ ಸಾಕು, ಚಳಿ ನಿಲ್ಲುತ್ತದೆ; ಯುರೋಪಿನ ಪಂದ್ಯದ ಸವಾರರೂ ಬಹುಕಾಲ ಇದನ್ನೇ ಮಾಡಿದ್ದಾರೆ.

ಇಂಥ ಕಷ್ಟವನ್ನು ಯಾಕೆ ಕೈಯಾರೆ ತಂದುಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಈ ದೇಶದಲ್ಲಿ ಅದಕ್ಕೆ ನೂರು ವರ್ಷದ ಉತ್ತರವಿದೆ. 1923ರಲ್ಲಿ ಮುಂಬಯಿಯಿಂದ ಪಾರಸಿ ಯುವಕರ ತಂಡವೊಂದು ಸೈಕಲ್ಲಿನಲ್ಲಿ ಜಗತ್ತು ಸುತ್ತಲು ಹೊರಟಿತು. ಅವರಲ್ಲಿ ಆದಿ ಹಕೀಮ್, ಜಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು 1928ರಲ್ಲಿ ಸುತ್ತು ಮುಗಿಸಿ ಮರಳಿದರು. ಅವರ ಸೈಕಲ್ಲುಗಳು ಇಂದಿನ ಕಣ್ಣಿಗೆ ಬಲು ಸಾದಾ. 1985ರಲ್ಲಿ ಬಾಬಾ ಆಮ್ಟೆಯವರು ಕನ್ಯಾಕುಮಾರಿಯಿಂದ ಉತ್ತರದ ತುದಿಯವರೆಗೆ ಭಾರತ ಜೋಡಿಸುವ ಯಾತ್ರೆ ಹೊರಡಿಸಿದಾಗ ಅವರ ಜೊತೆಗಿದ್ದ ತರುಣ ತರುಣಿಯರೂ ಸೈಕಲ್ಲನ್ನೇ ಏರಿದರು. ನಮ್ಮ ರಾಜ್ಯದ ಸವಾರರು 2008ರಿಂದ ನೀಲಗಿರಿಯ ಸೈಕಲ್ ಪ್ರವಾಸ ನಡೆಸಿಕೊಂಡು ಬಂದಿದ್ದಾರೆ. ದೂರದ ಸವಾರಿಯ ಇನ್ನೊಂದು ಬಗೆಯಲ್ಲಿ ಪೈಪೋಟಿಯೇ ಇಲ್ಲ: 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ಅಷ್ಟೇ, ಮೊದಲನೆಯವನಿಗೂ ಕೊನೆಯವನಿಗೂ ಒಂದೇ ಮರ್ಯಾದೆ. ಫ್ರಾನ್ಸಿನಲ್ಲಿ ಹುಟ್ಟಿದ ಈ ಪದ್ಧತಿಗೆ ಬೆಂಗಳೂರಿನಲ್ಲೂ ದೊಡ್ಡ ಬಳಗವಿದೆ. ಬೆಟ್ಟ ಬಂತೆಂದು ಅಲ್ಲಿ ಹೆಚ್ಚಿನ ಸಮಯ ಕೊಡುವುದಿಲ್ಲ. ಹಂಚಿಕೆ ಗೊತ್ತಿದ್ದವನಿಗೆ ಆ ಸಮಯ ಸಾಕು.

ತರೀಕೆರೆಗೆ ಬಂದಾಗ ಊಟದ ಹೊತ್ತು. ಈ ಊರಿನ ಕೆರೆ ಏರಿಯನ್ನು ಕಾಣದವರೂ ಬಾಲ್ಯದಲ್ಲಿ ನಾಲಿಗೆ ತೊಡರಿಸುವ ಮಾತಿನಲ್ಲಿ ಅದರ ಹೆಸರು ಹೇಳಿಯೇ ಇರುತ್ತಾರೆ. ಪಾಳೆಯಗಾರರ ಊರು, ಒಂದು ಕಾಲಕ್ಕೆ ಇಲ್ಲಿಂದ ನರಸಿಂಹರಾಜಪುರದ ಕಡೆಗೆ ಕಾಡಿನ ನಡುವೆ ಕಿರುಹಳಿಯ ಪುಟ್ಟ ರೈಲೂ ಓಡುತ್ತಿತ್ತು. ತಾಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು, ಅದರ ಹಿನ್ನೀರಿನ ಸುತ್ತ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯ. ಅಡಿಕೆ, ತೆಂಗು, ಭತ್ತ. ಬೆಳಗ್ಗೆ ಬಿಟ್ಟುಬಂದ ಕಡೂರಿನ ಒಣನೆಲಕ್ಕೂ ಇಲ್ಲಿಗೂ ಹೋಲಿಕೆಯೇ ಇಲ್ಲ.

ಅಮೃತಾಪುರ ಇಲ್ಲಿಂದ ಹತ್ತು ಕಿಲೋಮೀಟರಿನೊಳಗೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ. ಅಂಗಳದ ಶಾಸನದ ಕವಿ ಜನ್ನ, ಮುಂದೆ ‘ಯಶೋಧರ ಚರಿತೆ’ ಬರೆದವನು. ಹೆಸರಾಂತ ಶಿಲ್ಪಿ ಮಲ್ಲಿತಮ್ಮನ ಆರಂಭದ ಕೆಲಸ ಈ ಮಂಟಪದ ಚಾವಣಿಗಳಲ್ಲಿದೆ. ಮಂಟಪದ ಹೊರಗೋಡೆಯಲ್ಲಿ 140 ಚಿತ್ರಪಟ್ಟಿಕೆಗಳು: ದಕ್ಷಿಣಕ್ಕೆ ರಾಮಾಯಣದ ಎಪ್ಪತ್ತು, ಉತ್ತರಕ್ಕೆ ಕೃಷ್ಣನ ಕಥೆಯ ಇಪ್ಪತ್ತೈದು, ಭಾರತದ ನಲವತ್ತೈದು. ರಾಮಾಯಣವನ್ನು ಮಾತ್ರ ಅಪ್ರದಕ್ಷಿಣೆಯ ಕ್ರಮದಲ್ಲಿ ಓದಬೇಕು. ಅರ್ಧ ಗಂಟೆ ನಡೆದು ನೋಡಿದರೆ ಬಿಗಿದ ತೊಡೆ ಸಡಿಲವಾಗುತ್ತದೆ. ಎಂಟುನೂರು ವರ್ಷದ ಹಿಂದಿನ ಕೈಕೆಲಸ ಕಣ್ಣಿಗೆ ಬೀಳುತ್ತದೆ. ಇದನ್ನು ನೋಡದೆ ಮುಂದೆ ಹೋಗುವವರ ಆತುರ ಅರ್ಥವಾಗುವುದಿಲ್ಲ.

ಅಲ್ಲಿಂದ ಅಜ್ಜಂಪುರದ ದಾರಿ ಬೆಟ್ಟದ್ದಲ್ಲ, ಆದರೆ ಚಪ್ಪಟೆಯೂ ಅಲ್ಲ. ದಿಣ್ಣೆ, ತಗ್ಗು, ಮತ್ತೆ ದಿಣ್ಣೆ. ಬೆಳಗ್ಗೆಯ ಘಾಟಿಯನ್ನು ಗೆದ್ದ ಕಾಲು ಈ ಸಣ್ಣ ದಿಣ್ಣೆಗಳಲ್ಲಿ ಸೋಲುವುದುಂಟು. ಭದ್ರೆಯ ಕಣಿವೆಗೂ ವೇದಾವತಿಯ ಕಣಿವೆಗೂ ನಡುವಿನ ಏಣು ಇರುವುದು ಇಲ್ಲೇ. ನೀರೂ ಈ ಏಣನ್ನು ತಾನಾಗಿ ಏರಲಾರದು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಪಂಪುಗಳಿಂದ ನೀರನ್ನು ಮೇಲೆತ್ತಿ, ಅಜ್ಜಂಪುರದ ಹತ್ತಿರ ಸುಮಾರು ಏಳು ಕಿಲೋಮೀಟರ್ ಸುರಂಗ ಕೊರೆದು ಪೂರ್ವದ ಬರದ ನಾಡಿಗೆ ದಾಟಿಸಬೇಕಾಯಿತು. ಸುರಂಗ ಸವಾರನಿಗೆ ಸಿಗುವುದಿಲ್ಲ. ಅವನು ಮೇಲಿನಿಂದಲೇ ದಾಟಬೇಕು.

ಏಣು ದಾಟಿದರೆ ಮಣ್ಣಿನ ಬಣ್ಣ ಕಪ್ಪಿಗೆ ತಿರುಗುತ್ತದೆ. ಈರುಳ್ಳಿ, ಕಡಲೆ ಬೆಳೆಯುವ ಎರೆಹೊಲಗಳು. ಹಿಂದೆ ತರೀಕೆರೆಗೆ ಸೇರಿದ್ದ ಅಜ್ಜಂಪುರ ಈಗ ಸ್ವಂತ ತಾಲೂಕು. ಅದರ ದೊಡ್ಡ ಹೆಮ್ಮೆ ಅಮೃತಮಹಲ್ ದನಗಳ ತಳಿ ಕೇಂದ್ರ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳಿಂದ ಬೆಳೆದುಬಂದ ಈ ತಳಿಗೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯೇ ಇತ್ತು. ಟಿಪ್ಪು ಸುಲ್ತಾನ ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆಯುವ ಈ ಎತ್ತುಗಳ ಬಲದಿಂದ ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದನೆಂದು ಮೈಸೂರಿನ ಇತಿಹಾಸಕಾರರು ಬರೆದಿದ್ದಾರೆ. ನೂರು ಮೈಲಿ ಎಂದರೆ 160 ಕಿಲೋಮೀಟರ್, ಅದೂ ಹಿಂದೆ ಫಿರಂಗಿ ಕಟ್ಟಿಕೊಂಡು. ಸಣ್ಣ ಮೈ, ಗಟ್ಟಿ ಗೊರಸು, ಅವಸರವಿಲ್ಲದ ಒಂದೇ ಸಮನೆಯ ನಡೆ: ದೂರ ಹೋಗಬೇಕಾದವರಿಗೆ ಬೇಕಾದ ಗುಣಗಳೆಲ್ಲ ಅವುಗಳಲ್ಲಿವೆ. ಅವುಗಳಿಗಾಗಿ ಬಿಟ್ಟ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲುಗಳು. ಕಡೂರು ತಾಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳಿವೆ. 2011ರಲ್ಲಿ ಅದನ್ನು ಸಂರಕ್ಷಿತ ಮೀಸಲು ಎಂದು ಘೋಷಿಸಲಾಯಿತು. ಬರಡು ಎಂದು ಕರೆಸಿಕೊಂಡು ಒತ್ತುವರಿಯಾಗುತ್ತಿರುವ ಇಂಥ ಹುಲ್ಲುಬಯಲುಗಳು ಕಾಡಿನಷ್ಟೇ ಬೆಲೆಯುಳ್ಳವು.

ಅಜ್ಜಂಪುರದಿಂದ ಬೀರೂರಿಗೆ ದಕ್ಷಿಣದ ದಾರಿ, ರೈಲು ಹಳಿಯ ಆಸುಪಾಸಿನಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಪಶ್ಚಿಮದ ಗಾಳಿ ಜೋರು. ತರೀಕೆರೆಯಿಂದ ಬರುವಾಗ ಬೆನ್ನಿಗೆ ನಿಂತು ತಳ್ಳಿದ ಗಾಳಿ ಈಗ ಬಲಗಿವಿಗೆ ಬಡಿಯುತ್ತದೆ, ಸೈಕಲ್ಲನ್ನು ರಸ್ತೆಯ ಎಡ ಅಂಚಿಗೆ ನೂಕುತ್ತದೆ. ಇಬ್ಬರಿದ್ದರೆ ಒಬ್ಬರ ಮರೆಯಲ್ಲಿ ಒಬ್ಬರು, ಸರದಿಯಂತೆ ಮುಂದೆ ಬರಬೇಕು. ಮಳೆಗಾಲದ ನಡುವೆ ಬೆಟ್ಟದಲ್ಲಿ ಮಂಜು, ಇಂಬಳ, ಜಾರುವ ಪಾಚಿ. ಏಪ್ರಿಲ್, ಮೇ ತಿಂಗಳಲ್ಲಿ ಕಡೂರಿನ ಬಿಸಿಲು ಸುಡುತ್ತದೆ. ಅಕ್ಟೋಬರಿನಿಂದ ಫೆಬ್ರವರಿ ಈ ಸುತ್ತಿಗೆ ಸರಿಯಾದ ಕಾಲ.

ಸಂಜೆಯ ಈ ದಾರಿಯಲ್ಲಿ ಸವಾರ ಒಂಟಿಯಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುವವರು, ಹುಲ್ಲಿನ ಹೊರೆ ಕ್ಯಾರಿಯರಿನಲ್ಲಿಟ್ಟು ತಳ್ಳಿಕೊಂಡು ಬರುವವರು, ಶಾಲೆ ಬಿಟ್ಟು ಡಬಲ್ ರೈಡ್ ಬರುವ ಹುಡುಗಿಯರು, ಸೀಟಿಗೆ ಕಾಲು ಎಟುಕದೆ ಒಳಪೆಡಲ್ ತುಳಿಯುವ ಪುಟ್ಟ ಹುಡುಗರು. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ ಮೇಲೆ ಹಳ್ಳಿಯಿಂದ ಹೈಸ್ಕೂಲಿಗೆ ಇರುವ ಐದಾರು ಕಿಲೋಮೀಟರು ಎಷ್ಟೋ ಹೆಣ್ಣುಮಕ್ಕಳಿಗೆ ಅಡ್ಡಿಯಾಗಿ ಉಳಿಯಲಿಲ್ಲ. ದೂರದ ಪಯಣಿಗ ವರ್ಷಕ್ಕೊಮ್ಮೆ ಈ ರಸ್ತೆಗೆ ಬರುತ್ತಾನೆ. ಇವರು ದಿನವೂ ಇದರ ಮೇಲೇ ಇದ್ದಾರೆ. ಈ ದಿಣ್ಣೆಗಳನ್ನು ಗಿಯರಿಲ್ಲದೆ, ಭಾರ ಹೊತ್ತು ಹತ್ತುತ್ತಾರೆ.

ಆದ್ದರಿಂದ ಕೇಳುಗರಲ್ಲಿ ಒಂದು ಕೋರಿಕೆ. ನಮ್ಮ ಊರುಗಳ ರಸ್ತೆ ಅಗಲವಾಗುತ್ತಿವೆ, ವಾಹನಗಳ ವೇಗ ಹೆಚ್ಚುತ್ತಿದೆ. ಡಾಂಬರಿನ ಅಂಚು ಒಂದು ಗೇಣು ಕೆಳಗೆ ಮಣ್ಣಿಗೆ ಬೀಳುವ ಕಡೆ, ಹಿಂದೆ ಬಸ್ಸು ಹಾರ್ನ್ ಹೊಡೆದಾಗ, ಸೈಕಲ್ಲಿನವರಿಗೆ ಇಳಿಯಲು ಜಾಗವಿರುವುದಿಲ್ಲ. ರಸ್ತೆ ಮಾಡುವಾಗಲೇ ಎರಡೂ ಬದಿಗೆ ಡಾಂಬರಿನ ಮಟ್ಟಕ್ಕೆ ಒಂದು ಮೀಟರ್ ಗಟ್ಟಿ ಅಂಚು ಬೇಕೆಂದು ಗ್ರಾಮಸಭೆಗಳಲ್ಲಿ ಕೇಳಿ, ಬರೆದುಕೊಡಿ. ವಾಹನ ಓಡಿಸುವವರು ಸೈಕಲ್ಲನ್ನು ದಾಟುವಾಗ ಒಂದೂವರೆ ಮೀಟರ್ ಬಿಟ್ಟು ದಾಟಿ. ಘಾಟಿಯ ತಿರುವಿನಲ್ಲಿ ದಾಟಲೇಬೇಡಿ. ಸೈಕಲ್ಲಿನವರು ಹಿಂದೆ ಕೆಂಪು ದೀಪ ಕಟ್ಟಿಕೊಳ್ಳಿ, ಬೆಟ್ಟದ ಕಾಡುದಾರಿಯಿಂದ ಕತ್ತಲಿಗೆ ಮುಂಚೆ ಕೆಳಗಿಳಿಯಿರಿ.